ಗಂಡಿಕೋಟಕ್ಕೆ ಗುಂಪಾಗಿ ಫೋಟೋ ಟ್ರಿಪ್: ಬೆಳಕು ಕೈತಪ್ಪದ ಹಾಗೆ ಹೋಗಿಬರುವುದು ಹೇಗೆ

ಕೆಂಪು ಬಂಡೆ, ಆಳವಾದ ಕಮರಿ, ಕೆಳಗೆ ನೀರು. ಇಂಥ ಫೋಟೋ ಬೇಕು ಅಂದರೆ ಬೆಂಗಳೂರಿನವರು ಅಮೆರಿಕದ ವೀಸಾಗೆ ಕಾಯಬೇಕಾಗಿಲ್ಲ. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟ ಇಲ್ಲಿಂದ ಹೆಚ್ಚುಕಡಿಮೆ 280 ಕಿಲೋಮೀಟರ್. ಒಂದು ದಿನ ಹೋಗಿ, ರಾತ್ರಿ ಉಳಿದು, ಮಾರನೇ ದಿನ ವಾಪಸ್ ಬರಬಹುದು. ಎಷ್ಟೋ ಗುಂಪುಗಳು ಹೋಗಿಬರುತ್ತವೆ ಕೂಡ. ಆದರೆ ಬಂದಮೇಲೆ ಫೋನ್ ತೆರೆದು ನೋಡಿದರೆ ಇರುವುದು ಮಧ್ಯಾಹ್ನದ ಬಿಸಿಲಲ್ಲಿ ಬಿಳಿಚಿಕೊಂಡ ಕಣಿವೆ, ಜೊತೆಗೆ ರಾಶಿ ಸೆಲ್ಫಿ. ಕ್ಯಾಮೆರಾದ ತಪ್ಪಲ್ಲ ಅದು, ಟೈಮಿಂಗಿನ ತಪ್ಪು.

ಕಣಿವೆಯ ಫೋಟೋಗೆ ಇರುವುದು ಎರಡೇ ಹೊತ್ತು. ಸಂಜೆ ಒಂದು, ಬೆಳಗಿನ ಜಾವ ಇನ್ನೊಂದು. ಎಷ್ಟು ಗಂಟೆಗೆ ಮನೆ ಬಿಡಬೇಕು, ಎಲ್ಲಿ ತಿಂಡಿ, ಯಾರು ಯಾವ ಕಾರಿನಲ್ಲಿ, ರಾತ್ರಿ ಹರಟೆ ಎಷ್ಟು ಹೊತ್ತಿಗೆ ಮುಗಿಯಬೇಕು, ಇದೆಲ್ಲವನ್ನೂ ಆ ಎರಡು ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಒಬ್ಬರೇ ಹೋದರೆ ಇದು ಸುಲಭ. ಎಂಟು ಜನ ಹೋದರೆ ಎಂಟು ಜನರ ನಿದ್ದೆ, ಹಸಿವು, ‘ಒಂದೈದು ನಿಮಿಷ ಮಗಾ’ ಎಲ್ಲ ಸೇರಿ ಸೂರ್ಯನಿಗಿಂತ ಒಂದು ಗಂಟೆ ತಡವಾಗಿಬಿಡುತ್ತದೆ. ಹಾಗಾಗಿ ಈ ಬರಹದಲ್ಲಿ ಅರ್ಧ ಕ್ಯಾಮೆರಾ, ಇನ್ನರ್ಧ ಜನರನ್ನು ಸಂಭಾಳಿಸುವುದು.

ಮೊದಲು ಜಾಗದ ಬಗ್ಗೆ ಸ್ವಲ್ಪ

‘ಭಾರತದ ಗ್ರ್ಯಾಂಡ್ ಕ್ಯಾನ್ಯನ್’ ಅಂತ ಓದಿಕೊಂಡು ಹೋಗಬೇಡಿ. ಅರಿಜೋನಾದ್ದು ಕೆಲವೆಡೆ 1800 ಮೀಟರಿಗೂ ಜಾಸ್ತಿ ಆಳ. ಗಂಡಿಕೋಟದ್ದು ಸುಮಾರು ನೂರು ಮೀಟರ್. ಇದು ಮರುಭೂಮಿಯೂ ಅಲ್ಲ, ರಾಯಲಸೀಮೆಯ ಒಣ ನೆಲ. ಆಳ ಕಡಿಮೆ ಇರುವುದು ಫೋಟೋಗೆ ಒಳ್ಳೆಯದೇ. ಎದುರಿನ ಗೋಡೆ, ತಳದ ನೀರು, ಈಚೆಯ ಬಂಡೆ ಮೂರೂ ಒಂದೇ ಫ್ರೇಮಿನಲ್ಲಿ ಕೂರುತ್ತವೆ.

ಈ ಕಣಿವೆ ಕೊರೆದ ನದಿ ನಮ್ಮೂರ ಕಡೆಯದೇ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲಿಂದ ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ, ಅಲ್ಲಿ ಪೆನ್ನಾರ್ ಅನ್ನಿಸಿಕೊಂಡು ಎರ್ರಮಲ ಬೆಟ್ಟಗಳನ್ನು ಸೀಳಿಕೊಂಡು ಹರಿಯುತ್ತದೆ. ಬಂಡೆ ಕ್ವಾರ್ಟ್‌ಜೈಟ್. ನೂರು ಕೋಟಿ ವರ್ಷಕ್ಕೂ ಹಳೆಯ, ತುಂಬಾ ಗಟ್ಟಿ ಕಲ್ಲು. ಇದು ಸುಲಭಕ್ಕೆ ಸವೆಯುವುದಿಲ್ಲ, ಬಿರುಕಿನ ಗುಂಟ ಒಡೆಯುತ್ತದೆ. ಹಾಗಾಗಿ ಗೋಡೆಗಳು ಇಳಿಜಾರಾಗಿಲ್ಲ, ನೆಟ್ಟಗಿವೆ, ಮತ್ತು ಅಂಚಿನಲ್ಲಿ ಚೌಕ ಚೌಕ ಬಂಡೆಗಳು ಗೋದಾಮಿನಲ್ಲಿ ಪೆಟ್ಟಿಗೆ ಪೇರಿಸಿದ ಹಾಗೆ ಕೂತಿವೆ. ಈ ಅಡ್ಡ ಗೆರೆ, ಉದ್ದ ಗೆರೆಗಳೇ ನಿಮ್ಮ ಫೋಟೋದ ಆಸ್ತಿ. ಬೆಳಕು ಪಕ್ಕದಿಂದ ಬಿದ್ದಾಗ ಒಂದೊಂದು ಬಿರುಕಿಗೂ ಒಂದು ನೆರಳು ಸಿಗುತ್ತದೆ. ನೆತ್ತಿಯ ಮೇಲಿನ ಬಿಸಿಲಲ್ಲಿ ಅಷ್ಟೂ ಮಾಯ.

ಯಾವಾಗ ಹೋಗಬೇಕು

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಏಪ್ರಿಲ್, ಮೇನಲ್ಲಿ ಕಡಪದ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆಯ ಮೇಲೆ ಕೈ ಇಡಲಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಬರುವ ಸಾಧ್ಯತೆ ಇದೆ. ಆದರೆ ಮಳೆ ಬಂದು ಬಿಟ್ಟ ಮಾರನೇ ದಿನದ ಆಕಾಶ ಸಿಕ್ಕರೆ ಅದರಂಥದ್ದು ಇನ್ನೊಂದಿಲ್ಲ. ಧೂಳು ತೊಳೆದುಹೋಗಿರುತ್ತದೆ, ಒದ್ದೆ ಕಲ್ಲಿನ ಬಣ್ಣ ಇನ್ನೂ ಗಾಢ.

ಕೆಳಗೆ ನೀರು ಎಷ್ಟಿರುತ್ತದೆ ಅನ್ನುವುದು ಮಳೆಯ ಮೇಲೆ ಮಾತ್ರ ನಿಂತಿಲ್ಲ. ಆಸುಪಾಸಿನಲ್ಲಿ ಗಂಡಿಕೋಟ, ಮೈಲವರಂ ಅಣೆಕಟ್ಟುಗಳಿವೆ, ಅದಕ್ಕೆ ತಕ್ಕಂತೆ ಮಟ್ಟ ಏರಿಳಿಯುತ್ತದೆ. ಹೋಗುವ ಮುಂಚೆ ಅದೇ ವಾರ ಯಾರಾದರೂ ಹಾಕಿದ ಫೋಟೋ ಹುಡುಕಿ ನೋಡಿ. ಹೋದವರ್ಷದ ರೀಲ್ಸ್ ನಂಬಬೇಡಿ.

ನಕ್ಷತ್ರ ಬೇಕಾದರೆ ಅಮಾವಾಸ್ಯೆಯ ಹಿಂದೆ ಮುಂದೆ ಹೋಗಿ. ಒಂದು ಮಾತು ನೆನಪಿರಲಿ: ಆಕಾಶಗಂಗೆಯ ಹೊಳೆಯುವ ಮಧ್ಯಭಾಗ ನವೆಂಬರ್, ಡಿಸೆಂಬರ್ ರಾತ್ರಿಗಳಲ್ಲಿ ಸಿಗುವುದಿಲ್ಲ. ಫೆಬ್ರವರಿ ಕೊನೆಗೆ ಬೆಳಗಿನ ಜಾವ ಆಗ್ನೇಯ ದಿಕ್ಕಿನಲ್ಲಿ ಎದ್ದು ಬರುತ್ತದೆ. ಚಳಿ, ಅಮಾವಾಸ್ಯೆ, ಆಕಾಶಗಂಗೆ ಮೂರೂ ಬೇಕು ಅನ್ನುವವರಿಗೆ ಆ ಫೆಬ್ರವರಿ ಅಮಾವಾಸ್ಯೆಯೇ ಗತಿ. ಲಾಂಗ್ ವೀಕೆಂಡ್ ಮಾತ್ರ ಬೇಡ. ಬೆಂಗಳೂರು, ಹೈದರಾಬಾದ್ ಎರಡೂ ಕಡೆಯ ಜನ ಒಂದೇ ಬಂಡೆಯ ಮೇಲೆ ಬಂದು ನಿಂತಿರುತ್ತಾರೆ. ಭಾನುವಾರ ಹೋಗಿ ಸೋಮವಾರ ಬರುವುದಕ್ಕೆ ರಜೆ ಸಿಗುತ್ತದಾ ನೋಡಿ.

ಯಾರ ಜೊತೆ, ಯಾವ ಗಾಡಿಯಲ್ಲಿ

ಆರರಿಂದ ಎಂಟು ಜನ, ಎರಡು ಕಾರು. ಅದಕ್ಕಿಂತ ಜಾಸ್ತಿಯಾದರೆ ಟೆಂಪೋ ಟ್ರಾವೆಲರ್ ಬೇಕಾಗುತ್ತದೆ. ಒಂದೇ ಗಾಡಿ ಅಂದರೆ ಒಬ್ಬರು ತಡಮಾಡಿದರೆ ಎಲ್ಲರೂ ತಡ. ಎರಡು ಕಾರಿನ ಲಾಭ ಇರುವುದು ಬೆಳಗ್ಗೆ. ಗುಂಪಿನಲ್ಲಿ ಫೋಟೋ ಹುಚ್ಚಿನವರು ಒಂದಷ್ಟು, ಸುಮ್ನೆ ಸುತ್ತೋಣ ಅಂತ ಬಂದವರು ಒಂದಷ್ಟು ಇದ್ದೇ ಇರುತ್ತಾರೆ. ಹೊರಡುವ ಮುಂಚೆಯೇ ಮುಚ್ಚುಮರೆ ಇಲ್ಲದೆ ಕೇಳಿಬಿಡಿ: ನಾಲ್ಕೂವರೆಗೆ ಏಳುವವರು ಯಾರು? ಕೈ ಎತ್ತಿದವರು ಒಂದು ಕಾರು, ಉಳಿದವರು ಇನ್ನೊಂದು. ಮಲಗುವವರು ಮಲಗಲಿ, ಬಲವಂತ ಮಾಡಿ ಎಬ್ಬಿಸಿದವರು ಬೆಳಗ್ಗೆಯಿಡೀ ಗೊಣಗುತ್ತಾರೆ.

ಸ್ವಂತ ಬಿಳಿ ಬೋರ್ಡ್ ಗಾಡಿಯಾದರೆ ತಲೆನೋವಿಲ್ಲ. ಹಳದಿ ಬೋರ್ಡ್ ಟ್ಯಾಕ್ಸಿ ಅಥವಾ ಬಾಡಿಗೆಗೆ ತಗೊಂಡು ನೀವೇ ಓಡಿಸುವ ಕಪ್ಪು ಬೋರ್ಡ್ ಕಾರು ಆದರೆ ಆಂಧ್ರಕ್ಕೆ ಹೋಗುವ ಪರ್ಮಿಟ್, ತೆರಿಗೆ ವಿಷಯ ಬಾಯ್ಮಾತಿನಲ್ಲಿ ಮುಗಿಸಬೇಡಿ, ಕಾಗದ ನೋಡಿ. ಸುತ್ತಾಟ ಎಲ್ಲ ಸೇರಿ 650 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಲೀಟರಿಗೆ 15 ಕೊಡುವ ಕಾರಿಗೆ ಸುಮಾರು 43 ಲೀಟರ್. ಈ ಲೆಕ್ಕ ಮೊದಲೇ ಗ್ರೂಪಿಗೆ ಹಾಕಿ ದುಡ್ಡು ಮುಂಗಡ ತಗೊಳ್ಳಿ. ಟ್ರಿಪ್ ಮುಗಿದಮೇಲೆ ಸ್ನೇಹಿತರಿಂದ ವಸೂಲಿ ಮಾಡುವುದು ಕಣಿವೆ ಇಳಿಯುವುದಕ್ಕಿಂತ ಕಷ್ಟ.

ದಾರಿ

ಹೆಬ್ಬಾಳ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ. ಅಲ್ಲಿಂದ ಗಡಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಹೈದರಾಬಾದ್ ಹೆದ್ದಾರಿ ಬಿಟ್ಟು ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು. ಜಮ್ಮಲಮಡುಗಿನಿಂದ ಗಂಡಿಕೋಟ 15 ಕಿಲೋಮೀಟರ್. ಇನ್ನೊಂದು ದಾರಿ ಅನಂತಪುರ, ತಾಡಿಪತ್ರಿ ಮೇಲೆ. ಹೆದ್ದಾರಿ ಜಾಸ್ತಿ, ಸ್ವಲ್ಪ ಸುತ್ತು.

ಬೆಳಗ್ಗೆ ಐದೂವರೆಗೆ ಹೆಬ್ಬಾಳ ದಾಟಿರಬೇಕು. ಆರೂವರೆ ಏಳು ಆದರೆ ಏರ್‌ಪೋರ್ಟ್ ರಸ್ತೆಯಲ್ಲೇ ಟ್ರಿಪ್ಪಿನ ಮೊದಲ ಜಗಳ ಶುರು. ಬನಶಂಕರಿಯವರು, ವೈಟ್‌ಫೀಲ್ಡಿನವರು ಎಲ್ಲರನ್ನೂ ಮನೆ ಮನೆಗೆ ಹೋಗಿ ಹತ್ತಿಸಿಕೊಳ್ಳುವುದು ಬೇಡ. ದೇವನಹಳ್ಳಿ ಆಚೆ ಒಂದು ಜಾಗ ಗೊತ್ತುಮಾಡಿ ಎರಡೂ ಕಾರು ಅಲ್ಲಿ ಸೇರಲಿ. ತಿಂಡಿಗೆ ಒಂದೇ ಸ್ಟಾಪ್. ಗಡಿ ದಾಟಿದಮೇಲೆ ನಿಲ್ಲಿಸಿದರೆ ಉಗ್ಗಾನಿ ಬಜ್ಜಿ ಕೇಳಿ ನೋಡಿ, ನಮ್ಮ ಮಂಡಕ್ಕಿ ಒಗ್ಗರಣೆಯ ಅಣ್ಣತಮ್ಮ. ಲೇಪಾಕ್ಷಿ ದಾರಿಯ ಪಕ್ಕದಲ್ಲೇ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಿಜ, ಚೆಕ್‌ಪೋಸ್ಟಿನಿಂದ ಹತ್ತಿರವೇ. ಆದರೆ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಎರಡು ಗಂಟೆ ಹೋದರೆ ಇಲ್ಲಿ ಸಂಜೆಯ ಬೆಳಕು ಹೋಗುತ್ತದೆ.

ಮಧ್ಯಾಹ್ನ ಒಂದರ ಹೊತ್ತಿಗೆ ತಲುಪಿ, ಊಟ ಮಾಡಿ, ಎರಡು ಗಂಟೆ ನಿದ್ದೆ ಹೊಡೆಯಿರಿ. ಉಳಿಯಲು ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ ಇದೆ, ಟೆಂಟ್ ಹಾಕಿಕೊಡುವವರೂ ಇದ್ದಾರೆ. ಮೊದಲೇ ಬುಕ್ ಮಾಡಿ. ಟೆಂಟ್ ಆದರೆ ರಾತ್ರಿ ಸ್ಪೀಕರ್ ಹಾಕುವ ಗುಂಪಿನ ಪಕ್ಕ ಸಿಗದ ಹಾಗೆ ನೋಡಿಕೊಳ್ಳಿ, ಜಾವಕ್ಕೆ ಏಳಬೇಕಲ್ವಾ.

ಬ್ಯಾಗಿನಲ್ಲಿ ಏನಿರಬೇಕು

ಎಲ್ಲರೂ ಅಗಲ ನೋಟದ ವೈಡ್ ಲೆನ್ಸ್ ಮಾತ್ರ ತರುತ್ತಾರೆ. ನನ್ನ ಕೇಳಿದರೆ 70-200 ಎಂಎಂ ಅಥವಾ ಅಂಥದ್ದೊಂದು ಟೆಲಿ, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸ್, ಜಾಸ್ತಿ ಕೆಲಸಕ್ಕೆ ಬರುತ್ತದೆ. ವೈಡ್‌ನಲ್ಲಿ ಇಡೀ ಕಣಿವೆ ಸಿಗುತ್ತದೆ, ಆದರೆ ಎದುರಿನ ಗೋಡೆ ಗಿಡ್ಡವಾಗಿ ದೂರ ಹೋಗಿಬಿಡುತ್ತದೆ. ಟೆಲಿ ಹಾಕಿ ಗೋಡೆಯ ಒಂದು ತುಂಡು, ಅದರ ಬಿರುಕು, ಬಿರುಕಿನಲ್ಲಿ ಬೆಳೆದ ಒಂದು ಗಿಡ, ಅಷ್ಟನ್ನೇ ತೆಗೆದರೆ ಆಮೇಲೆ ಯಾರ ಫೋಟೋದ ಹಾಗೂ ಇರುವುದಿಲ್ಲ. ಲೆನ್ಸ್ ಇಲ್ಲದಿದ್ದರೆ ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ, ಇಬ್ಬರು ಸೇರಿ ಒಂದು ತಗೊಳ್ಳಿ. ಕಾರ್ಡು, ಬ್ಯಾಟರಿ, ಪವರ್‌ಬ್ಯಾಂಕ್‌ಗೆ ಎಸ್‌ಪಿ ರೋಡ್ ಇದ್ದೇ ಇದೆ.

ಟ್ರೈಪಾಡ್ ಬೇಕೇ ಬೇಕು. ಭಾರದ್ದಲ್ಲದಿದ್ದರೂ ಪರವಾಗಿಲ್ಲ, ಆದರೆ ಅಂಚಿನಲ್ಲಿ ಗಾಳಿ ಜೋರು. ಮಧ್ಯದ ಕೊಕ್ಕೆಗೆ ಬ್ಯಾಗ್ ನೇತುಹಾಕಿ, ಮಧ್ಯದ ಕಂಬ ಮೇಲೆ ಎಳೆಯಬೇಡಿ. ಹೊರಡುವ ವಾರ ಮನೆಯ ಟೆರೇಸ್ ಮೇಲೆ ಲೈಟ್ ಆರಿಸಿ, ಟ್ರೈಪಾಡ್ ಬಿಚ್ಚಿ ಕ್ಯಾಮೆರಾ ಕೂರಿಸಿ ಮ್ಯಾನುಯಲ್ ಫೋಕಸ್‌ಗೆ ಹಾಕುವುದನ್ನು ಕತ್ತಲಲ್ಲಿ ಅಭ್ಯಾಸ ಮಾಡಿ. ಸಿಲ್ಲಿ ಅನ್ನಿಸಬಹುದು, ಜಾವದ ಕತ್ತಲಲ್ಲಿ ಬೆರಳಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿದ್ದವರೇ ಗೆಲ್ಲುವುದು. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇದ್ದರೆ ತನ್ನಿ, ಬಂಡೆಯ ಹೊಳಪು ತಗ್ಗಿಸಿ ಬಣ್ಣ ಹೊರಗೆ ತರುತ್ತದೆ. ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಅದರ ಪರಿಣಾಮ ಜಾಸ್ತಿ. 24 ಎಂಎಂಗಿಂತ ಅಗಲದ ಲೆನ್ಸಿನಲ್ಲಿ ಆಕಾಶದ ಒಂದು ಮೂಲೆ ಮಾತ್ರ ಕಡುನೀಲಿ ಆಗಿ ಕೆಡುತ್ತದೆ, ಆಗ ತೆಗೆದಿಡಿ. ಹೆಡ್‌ಲ್ಯಾಂಪ್ ತಲೆಗೊಂದು, ಕೆಂಪು ಬೆಳಕು ಬರುವಂಥದ್ದು. ಒಳ್ಳೆ ಗ್ರಿಪ್ ಇರುವ ಶೂ, ಚಪ್ಪಲಿ ಅಲ್ಲ. ನೀರು ಒಬ್ಬರಿಗೆ ಮೂರು ಲೀಟರ್.

ಡ್ರೋನ್ ತರುವವರಿಗೆ: ಗಂಡಿಕೋಟದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಹಾರಿಸಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಅಂತಲೂ ನೋಡಬೇಕು. ‘250 ಗ್ರಾಂ ಒಳಗಿದೆ, ಏನಾಗಲ್ಲ’ ಅನ್ನುವ ಸಮಾಧಾನ ರಕ್ಷಿತ ಸ್ಮಾರಕದ ಹತ್ತಿರ ನಡೆಯುವುದಿಲ್ಲ. ಸ್ಮಾರಕಗಳ ಒಳಗೆ ಟ್ರೈಪಾಡ್ ಹಾಕುವ ಮುಂಚೆಯೂ ಅಲ್ಲಿಯವರನ್ನು ಒಂದು ಮಾತು ಕೇಳಿ.

ಸಂಜೆ

ನಾಲ್ಕು ಗಂಟೆಗೆ ಕೋಟೆಯ ಒಳಗೆ ಇರಿ. ಜಾಮಿಯಾ ಮಸೀದಿ, ಪಕ್ಕದಲ್ಲೇ ದೊಡ್ಡ ಧಾನ್ಯದ ಕಣಜ, ರಘುನಾಥ ದೇವಸ್ಥಾನ, ಅದರಾಚೆ ಬಂಡೆಗಳನ್ನು ಹತ್ತಿಳಿದು ಕಣಿವೆಯ ಅಂಚು. ಸಂಜೆ ಮೊದಲು ಮಾಡಬೇಕಾದ್ದು ಫೋಟೋ ಅಲ್ಲ, ಬೆಳಗ್ಗೆಯ ಜಾಗ ಹುಡುಕುವುದು. ಒಬ್ಬೊಬ್ಬರೂ ತಮ್ಮ ತಮ್ಮ ಬಂಡೆ ಆರಿಸಿಕೊಂಡು ಫೋನಿನಲ್ಲಿ ಪಿನ್ ಹಾಕಿಕೊಳ್ಳಿ. ಕತ್ತಲಲ್ಲಿ ಅದೇ ದಾರಿಯಲ್ಲಿ ಬರಬೇಕು, ಹಾಗಾಗಿ ಕಾಲಿಡುವ ಜಾಗ ಹಗಲಲ್ಲೇ ನೋಡಿಟ್ಟುಕೊಳ್ಳಿ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಅನ್ನುವುದನ್ನು ಫೋಟೋಪಿಲ್ಸ್, ಸನ್ ಸರ್ವೇಯರ್ ಥರದ ಆ್ಯಪ್ ತೋರಿಸುತ್ತದೆ. ಡಿಸೆಂಬರ್‌ನಲ್ಲಿ ಪೂರ್ವಕ್ಕಿಂತ ಸಾಕಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ, ಜೂನ್‌ನಲ್ಲಿ ಉತ್ತರಕ್ಕೆ. ಇನ್ಯಾರೋ ಮೇ ತಿಂಗಳಲ್ಲಿ ತೆಗೆದ ಫ್ರೇಮ್ ನಿಮಗೆ ಜನವರಿಯಲ್ಲಿ ಸಿಗುವುದಿಲ್ಲ.

ನೆಟ್‌ವರ್ಕ್ ಮೇಲೆ ಭರವಸೆ ಇಡದೆ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಆಮೇಲೆ ಫೋಟೋ. ಸೆಟ್ಟಿಂಗ್ ಸರಳ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8ರಿಂದ 11, ಫೋಟೋ ಜೆಪೆಗ್ ಬದಲು ರಾ ಫೈಲ್. ಎಫ್ 16 ದಾಟಿದರೆ ಚಿತ್ರ ಮೆತ್ತಗಾಗುತ್ತದೆ. ವೈಟ್ ಬ್ಯಾಲೆನ್ಸ್ ಆಟೋದಿಂದ ತೆಗೆದು ಡೇಲೈಟ್‌ಗೆ ಹಾಕಿ, ಇಲ್ಲದಿದ್ದರೆ ಸಂಜೆಯ ಕೆಂಪನ್ನು ಕ್ಯಾಮೆರಾ ತಾನೇ ‘ಸರಿ’ ಮಾಡಿ ಬೂದು ಮಾಡಿಬಿಡುತ್ತದೆ. ಕಣಿವೆಯ ನಿಜವಾದ ಕಷ್ಟ ಏನೆಂದರೆ ಮೇಲೆ ಆಕಾಶ ಹೊಳೆಯುತ್ತಿರುತ್ತದೆ, ಕೆಳಗೆ ತಳ ಕಪ್ಪು, ಎರಡೂ ಒಂದೇ ಎಕ್ಸ್‌ಪೋಶರ್‌ನಲ್ಲಿ ಹಿಡಿಸುವುದಿಲ್ಲ. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡುಪಟ್ಟು ಅಥವಾ ಅರ್ಧ) ಅಂತರದಲ್ಲಿ ಮೂರು ಫ್ರೇಮ್ ಬ್ರ್ಯಾಕೆಟ್ ಮಾಡಿ, ಮನೆಗೆ ಬಂದು ಸೇರಿಸಿ. ಅಥವಾ ಸೂರ್ಯ ಮುಳುಗುವವರೆಗೆ ಕಾಯಿರಿ. ಮುಳುಗಿದ ಹತ್ತು ನಿಮಿಷದ ಮೇಲೆ ಆಕಾಶ ಮಂದವಾಗುತ್ತದೆ, ಆ ಮೆತ್ತನೆ ಬೆಳಕು ಕಣಿವೆಯ ತಳದವರೆಗೂ ಇಳಿಯುತ್ತದೆ, ಒಂದೇ ಫ್ರೇಮಿನಲ್ಲಿ ಎಲ್ಲ ಬರುತ್ತದೆ. ಆ ಹೊತ್ತಿಗೆ ಜನ ‘ಸನ್‌ಸೆಟ್ ಆಯ್ತು, ನಡೀರಿ’ ಅಂತ ಹೊರಟಿರುತ್ತಾರೆ. ನಿಮ್ಮ ಗುಂಪನ್ನು ತಡೆದು ನಿಲ್ಲಿಸಿಕೊಳ್ಳಿ.

ಪನೋರಮಾ ತೆಗೆಯುವುದಾದರೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮ್ಯಾನುಯಲ್ ಎಕ್ಸ್‌ಪೋಶರ್, ಫೋಕಸ್ ಲಾಕ್, ಒಂದೊಂದು ಫ್ರೇಮೂ ಹಿಂದಿನದರ ಮೂರನೇ ಒಂದು ಭಾಗ ಮುಚ್ಚುವ ಹಾಗೆ. ಪೋಲರೈಸರ್ ತೆಗೆಯುವುದು ಮರೆಯಬೇಡಿ. ಫೋನಿನವರಿಗೂ ಇದೇ ನಿಯಮ: ಪ್ರೋ ಮೋಡ್, ಎಕ್ಸ್‌ಪೋಶರ್ ಲಾಕ್, ಮೂರು ಸೆಕೆಂಡ್ ಟೈಮರ್, ಸಣ್ಣ ಟ್ರೈಪಾಡ್. ಫೋನಿನ ಟೆಲಿ ಲೆನ್ಸ್ ಬಳಸಿ, ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ.

ಫೋಟೋ ತೆಗೆಯದ ಸ್ನೇಹಿತರಿಗೂ ಒಂದು ಕೆಲಸ ಇದೆ. ಕಣಿವೆ ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತಾಗಬೇಕಾದರೆ ದೂರದ ಬಂಡೆಯ ಮೇಲೆ ಒಬ್ಬ ಮನುಷ್ಯ ಬೇಕು. ಒಬ್ಬರು ಸಾಕು, ಕೆಂಪು ಅಥವಾ ಹಳದಿ ಅಂಗಿ. ಅಂಚಿನಿಂದ ಒಳಗೇ ನಿಲ್ಲಿಸಿ, ಟೆಲಿಯಲ್ಲಿ ನೋಡಿದರೆ ಅಂಚಿನಲ್ಲೇ ನಿಂತ ಹಾಗೆ ಕಾಣುತ್ತದೆ.

ಅಂಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಂಡೆಗಳ ಮೇಲೆ ಕಟಕಟೆ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲವು ಬಂಡೆ ಕಾಲಿಟ್ಟರೆ ಅಲ್ಲಾಡುತ್ತವೆ. ವೈಡ್ ಲೆನ್ಸಿನ ಕಣ್ಣಿಗೆ ಕಣ್ಣಿಟ್ಟವನಿಗೆ ಅಂಚು ಇನ್ನೂ ದೂರ ಇದೆ ಅನ್ನಿಸುತ್ತದೆ, ಅಲ್ಲೇ ಅಪಾಯ. ಕಣ್ಣು ಕ್ಯಾಮೆರಾದಲ್ಲಿದ್ದಾಗ ಕಾಲು ಕದಲಬಾರದು, ಕಾಲು ಕದಲುವಾಗ ಕಣ್ಣು ನೆಲದಲ್ಲಿರಬೇಕು. ಕತ್ತಲಲ್ಲಿ ಇಬ್ಬಿಬ್ಬರಾಗಿ ನಡೆಯಿರಿ. ಕುಡಿದವರು ಅಂಚಿಗೆ ಬರುವ ಹಾಗಿಲ್ಲ. ಇದರಲ್ಲಿ ಮುಲಾಜು ಬೇಡ.

ರಾತ್ರಿ, ಆಮೇಲೆ ಜಾವ

ರಾಗಿ ಸಂಗಟಿ, ನಾಟಿಕೋಳಿ ಪುಲುಸು ಸಿಕ್ಕರೆ ಬಿಡಬೇಡಿ. ಬೆಂಗಳೂರಿನವರಿಗೆ ಮುದ್ದೆ ಸಾರು ತಿಂದ ಹಾಗೇ, ಖಾರ ಮಾತ್ರ ಒಂದು ಕೈ ಮೇಲು. ಹತ್ತಕ್ಕೆ ಮಲಗಿ. ಬ್ಯಾಟರಿ ಚಾರ್ಜಿಗೆ ಹಾಕುವ ಕೆಲಸ ಒಬ್ಬರಿಗೇ ವಹಿಸಿ, ಎಲ್ಲರೂ ಹಾಕುತ್ತೇವೆ ಅಂದರೆ ಯಾರೂ ಹಾಕುವುದಿಲ್ಲ.

ನಕ್ಷತ್ರದವರಿಗೆ ಒಂದು ಲೆಕ್ಕ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಅದರ ಮೇಲೆ ಬರೆದ ಎಂಎಂ) ಭಾಗಿಸಿ, ಬಂದಷ್ಟು ಸೆಕೆಂಡ್ ಶಟರ್ ತೆರೆದಿಡಬಹುದು. 20 ಎಂಎಂ ಫುಲ್‌ಫ್ರೇಮ್ ಆದರೆ 25 ಸೆಕೆಂಡ್. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರಿನ ಕ್ಯಾಮೆರಾ ಆದರೆ ಇನ್ನೂ 1.5ರಿಂದ ಭಾಗಿಸಿ, 16 ಸೆಕೆಂಡಿನ ಸುತ್ತಮುತ್ತ. ಅದಕ್ಕಿಂತ ಜಾಸ್ತಿ ಬಿಟ್ಟರೆ ನಕ್ಷತ್ರ ಚುಕ್ಕಿಯಾಗಿರದೆ ಗೆರೆಯಾಗುತ್ತದೆ. ಎಫ್ 2.8, ಐಎಸ್‌ಒ 3200ರಿಂದ ಶುರುಮಾಡಿ. ಒಬ್ಬರು ಬಿಳಿ ಟಾರ್ಚ್ ಹಾಕಿದರೆ ಪಕ್ಕದ ಮೂವರ ಫ್ರೇಮ್ ಹೋಯಿತು, ಕೆಂಪು ದೀಪ ಅದಕ್ಕೇ.

ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸು. ಐದೂವರೆಗೆ ಟ್ರೈಪಾಡ್ ನಿಂತಿರಬೇಕು. ಬೆಳಗ್ಗೆಯ ಬೆಳಕು ಬರುವ ಕ್ರಮ ಗಮನಿಸಿ, ಅದಕ್ಕೆ ತಕ್ಕಂತೆ ಲೆನ್ಸ್ ಬದಲಿಸಬಹುದು. ಮೊದಲು ಆಕಾಶ ನೀಲಿ, ನೀರೂ ನೀಲಿ, ಬಂಡೆ ಬರೀ ಕಪ್ಪು ಆಕಾರ. ಇದು ವೈಡ್ ಲೆನ್ಸಿನ, ಉದ್ದ ಎಕ್ಸ್‌ಪೋಶರಿನ ಸಮಯ. ಆಮೇಲೆ ಸೂರ್ಯನಿಗೆ ಮುಖ ಮಾಡಿದ ಗೋಡೆಯ ತುದಿಗೆ ಮಾತ್ರ ತೆಳುವಾಗಿ ಕಿತ್ತಳೆ ತಾಗುತ್ತದೆ. ಅದು ಕೆಳಗೆ ಇಳಿಯುತ್ತಾ ಬರುತ್ತದೆ, ಒಂದೊಂದು ಪದರವನ್ನೂ ಹೊತ್ತಿಸುತ್ತಾ. ಮೇಲಿನ ಅರ್ಧ ಕಿತ್ತಳೆ, ಕೆಳಗಿನ ಅರ್ಧ ಇನ್ನೂ ನೀಲಿ ಇರುವ ಹೊತ್ತಿಗೆ ಟೆಲಿ ಹಾಕಿ. ಗೋಡೆಗೆ ಬಿದ್ದ ಬೆಳಕು ಎದುರಿನ ನೆರಳಿಗೂ ಚಿಮ್ಮಿ ಅಲ್ಲಿಯ ಕಲ್ಲಿಗೆ ಮಂದ ಕೆಂಪು ಕೊಡುತ್ತದೆ, ಅದನ್ನೂ ನೋಡಿ, ತುಂಬಾ ಜನ ಅತ್ತ ತಿರುಗುವುದೇ ಇಲ್ಲ. ಎಲ್ಲರ ಕ್ಯಾಮೆರಾ ಸೂರ್ಯನ ಕಡೆ, ಆದರೆ ಒಳ್ಳೆ ಫೋಟೋ ಹೆಚ್ಚಾಗಿ ಇರುವುದು ಬೆನ್ನ ಹಿಂದೆ.

ಈ ಹೊತ್ತಿನಲ್ಲಿ ಗುಂಪಿಗೆ ಒಂದೇ ನಿಯಮ: ಯಾರ ಮುಂದೆಯೂ ದಾಟಬೇಡಿ, ಜಾಗ ಬದಲಿಸುವುದಾದರೆ ಹೇಳಿ ಬದಲಿಸಿ. ಗ್ರೂಪ್ ಫೋಟೋ ಎಂಟು ಗಂಟೆಗೆ, ಅದಕ್ಕಿಂತ ಮೊದಲಲ್ಲ.

ವಾಪಸ್

ಎಂಟೂವರೆಗೆ ಕಣಿವೆಯ ಕೆಲಸ ಮುಗಿಯಿತು. ತಿಂಡಿ ತಿಂದು ಕೋಟೆಯೊಳಗಿನ ಮಾಧವರಾಯ ದೇವಸ್ಥಾನ ನೋಡಿ. ಬಿಸಿಲು ಏರಿದಮೇಲೆ ಕಂಬಗಳ ಒಳಗಿನ ನೆರಳಲ್ಲಿ ಕಪ್ಪುಬಿಳುಪು ಚೆನ್ನಾಗಿ ಬರುತ್ತದೆ. ಹಗಲಿನ ಉಳಿದ ಹೊತ್ತಿಗೆ ಬೇಲಂ ಗುಹೆ ಇದೆ, ಸುಮಾರು 60 ಕಿಲೋಮೀಟರ್. ಅಲ್ಲಿ ಕಲ್ಲು ಬೇರೆ, ಸುಣ್ಣಕಲ್ಲು. ಗುಹೆಯ ಉದ್ದ 3229 ಮೀಟರ್, ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಜನರಿಗೆ ತೆರೆದಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಇದನ್ನು ದಾಖಲಿಸಿದ. ಒಳಗೆ ಸೆಕೆ, ತೇವ, ಲೆನ್ಸ್ ಮಂಜಾಗುತ್ತದೆ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಬೇಲಂಗೆ ಹೋದರೆ ವಾಪಸ್ ತಾಡಿಪತ್ರಿ, ಅನಂತಪುರ ಮೇಲೆ ಬನ್ನಿ.

ಜಾವಕ್ಕೆ ಎದ್ದವರು ಮಧ್ಯಾಹ್ನ ಊಟ ಆದಮೇಲೆ ಸ್ಟೇರಿಂಗ್ ಹಿಡಿಯಬಾರದು. ಮಲಗಿ ಎದ್ದ ಆ ಇನ್ನೊಂದು ಕಾರಿನ ಜನ ಈಗ ಉಪಯೋಗಕ್ಕೆ ಬರುತ್ತಾರೆ, ಎರಡೂ ಕಾರಿಗೆ ಅವರನ್ನೇ ಹಂಚಿ. ಸೋಮವಾರ ರಜೆ ಸಿಗದೆ ಭಾನುವಾರವೇ ವಾಪಸ್ ಬಂದರೆ ಸಂಜೆ ದೇವನಹಳ್ಳಿಯಿಂದ ಹೆಬ್ಬಾಳದವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತು.

ಮನೆಗೆ ಬಂದಮೇಲೆ ಎರಡು ಕಡೆ ಕಾಪಿ ಮಾಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಹಂಚಿದರೆ ಕುಗ್ಗಿಹೋಗುತ್ತದೆ, ಒಂದು ಡ್ರೈವ್ ಫೋಲ್ಡರ್ ಮಾಡಿ ಎಲ್ಲರೂ ತಮ್ಮ ತಮ್ಮ ಹತ್ತು ಫೋಟೋ ಮಾತ್ರ ಹಾಕಿ. ಹನ್ನೊಂದನೆಯದು ಹಾಕಿದವರು ಮುಂದಿನ ಟ್ರಿಪ್ಪಿನ ಟೋಲ್ ಕಟ್ಟಲಿ.